ಅಂತರಜಾಲದ ಓಲೆಗಾರ

ಕಾಪುವಿನ ದೀಪಸ್ತಂಭವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಆ ಸ್ತಂಭ ಇಂದಿಗೂ ಕತ್ತಲಾದೊಡನೆ ಬೆಳಕನ್ನು ಬೀರುತ್ತದೆ. ಮರಳಿನ ಮೇಲೆ ಕುಳಿತು ನೆಲಗಡಲೆ ತಿನ್ನುವ ನಮಗೆ ಅದು ಮಿನುಗುವ ದೀಪ, ಅಷ್ಟೆ. ಹೊರಗಡಲಿನಲ್ಲಿರುವ ನಾವಿಕನಿಗೆ ಅದು ಒಂದು ಮಾತು. ದೀಪ ಎಷ್ಟು ಬಾರಿ ಮಿನುಗಿತು, ಎಷ್ಟು ಹೊತ್ತು ಮರೆಯಾಯಿತು ಎಂಬುದನ್ನು ಎಣಿಸಿ, ತನ್ನ ಬಳಿಯ ಪಟ್ಟಿಯೊಡನೆ ಹೋಲಿಸಿ, ‘ಇದು ಕಾಪು, ಬೇರೆ ಊರಿನ ದೀಪವಲ್ಲ’ ಎಂದು ಅವನು ತಿಳಿಯುತ್ತಾನೆ. ಬೆಳಕು ಇಬ್ಬರಿಗೂ ಒಂದೇ. ಮೊದಲೇ ಮಾಡಿಕೊಂಡ ಕಟ್ಟಳೆಯೊಂದು ಅವನ ಕೈಯಲ್ಲಿರುವುದರಿಂದ ಅವನಿಗೆ ಅರ್ಥ ಹೊಳೆಯುತ್ತದೆ.

ಇಂಥ ಕಟ್ಟಳೆಗೆ ಗಣಕಯಂತ್ರದ ಲೋಕದಲ್ಲಿ ಪ್ರೋಟೋಕಾಲ್ ಎಂದು ಹೆಸರು. ಇಂಟರ್‌ನೆಟ್ ಎಂದೊಡನೆ ನಮ್ಮ ಕಣ್ಣಮುಂದೆ ತಂತಿ, ಗೋಪುರ, ಅಂಗೈಯೊಳಗಿನ ಫೋನು ಇವೇ ಸುಳಿಯುತ್ತವೆ. ಇವೆಲ್ಲ ಇದ್ದರೂ ಕಟ್ಟಳೆಗಳಿಲ್ಲದಿದ್ದರೆ ಯಂತ್ರಗಳು ಒಂದಕ್ಕೊಂದು ಮೂಕವೇ ಸರಿ. ಆ ಕಟ್ಟಳೆಗಳಲ್ಲಿ ಮುಖ್ಯವಾದ ನಾಲ್ಕೈದನ್ನು ಮನೆಮಂದಿಗೆ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕಾರಣ ಉಂಟು. 2021ರ ಮಳೆಗಾಲದಲ್ಲಿ, ಗಣಿತ ಕಲಿಸಿ ನಿವೃತ್ತರಾಗಿ ಕಾರ್ಕಳದಲ್ಲಿ ನೆಲಸಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಒಂದು ಸಂದೇಶ ಬಂತು. ಬ್ಯಾಂಕಿಗೆ ಕೊಟ್ಟ ಗುರುತುಪತ್ರಗಳನ್ನು ಹೊಸದು ಮಾಡದಿದ್ದರೆ ಸಂಜೆಯೊಳಗೆ ಖಾತೆ ನಿಲ್ಲುವುದೆಂದೂ, ಕೆಳಗಿನ ವಿಳಾಸವನ್ನು ಒತ್ತಬೇಕೆಂದೂ ಅದರಲ್ಲಿತ್ತು. ಅವರು ಒತ್ತಿದರು. ತೆರೆದ ಪುಟ ಬ್ಯಾಂಕಿನ ಪುಟದಂತೆಯೇ ಇತ್ತು. ಮೇಲುಗಡೆ ಪುಟ್ಟ ಬೀಗದ ಚಿತ್ರವೂ ಇತ್ತು. ಕೇಳಿದ್ದನ್ನೆಲ್ಲ ತುಂಬಿದರು; ಫೋನಿಗೆ ಬಂದ ಗುಟ್ಟಿನ ಅಂಕೆಯನ್ನೂ ತುಂಬಿದರು. ಮಗಳ ಮನೆಯ ಕೆಲಸಕ್ಕೆಂದು ಕೂಡಿಟ್ಟಿದ್ದ ಎಂಬತ್ತು ಸಾವಿರ ರೂಪಾಯಿ ಹತ್ತು ನಿಮಿಷದೊಳಗೆ ಹೋಯಿತು. ಮತ್ತೆ ಮರಳಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಉಡುಪಿಗೆ ಬಂದು, ನಮ್ಮ ಜಗಲಿಯಲ್ಲಿ ಕುಳಿತು ಅವರು ಹೇಳಿದ ಮಾತು ಇದು: “ಬೀಗ ಇತ್ತಲ್ಲ ಮಾಷ್ಟ್ರೆ! ಬೀಗ ಇದ್ದರೆ ಹೆದರುವುದು ಬೇಡ ಅಂತ ನೀವೇ ಅಲ್ವಾ ಹೇಳಿದ್ದು?”

ನಾನೇ ಹೇಳಿದ್ದೆ. ಯಾರೋ ನನಗೆ ಹೇಳಿದ್ದನ್ನು ನಾನು ಅವರಿಗೆ ದಾಟಿಸಿದ್ದೆ. ಆ ಬೀಗ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ನನಗೇ ತಿಳಿದಿರಲಿಲ್ಲ. ಅರ್ಥ ತಿಳಿಯದ ಪದ್ಯವನ್ನು ಪಾಠ ಹೇಳಬಾರದೆಂದು ಮೂವತ್ತು ವರ್ಷ ಹುಡುಗರಿಗೆ ಬೋಧಿಸಿದವನು ನಾನು. ಅಂದು ಅವರಿಗೆ ಚಹ ಕೊಟ್ಟೆನೇ ಹೊರತು ಉತ್ತರ ಕೊಡಲಾಗಲಿಲ್ಲ.

ಉತ್ತರ ಹುಡುಕಲು ನಾನು ಹಿಡಿದ ದಾರಿ ಮಣಿಪಾಲದ್ದು. ಡಾ. ಟಿ. ಎಂ. ಎ. ಪೈಯವರು 1957ರಲ್ಲಿ ಅಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಓದುತ್ತಿದ್ದ. ನನ್ನಿಂದ ಸಮಾಸ ಕಲಿತವನಿಂದ ನಾನು ಜಾಲದ ಪಾಠ ಕಲಿತೆ. ಭಾನುವಾರದ ಸಂಜೆಗಳಲ್ಲಿ ಅವನು ಬಂದು, “ಸರ್, ನಿಮಗೆ ಗೊತ್ತಿರುವುದರಿಂದಲೇ ಹೊರಡೋಣ” ಎಂದು ಶುರುಮಾಡುತ್ತಿದ್ದ. ಆ ಕ್ರಮವನ್ನೇ ಇಲ್ಲಿಯೂ ಅನುಸರಿಸುತ್ತೇನೆ.

ಮೊದಲು ಹೆಸರಿನ ಮಾತು. ಪತ್ರಿಕೆಗಳಲ್ಲಿ ‘ಅಂತರ್ಜಾಲ’ ಎಂದು ಬರೆಯುವುದುಂಟು. ‘ಅಂತರ್’ ಎಂದರೆ ಒಳಗೆ. ಇಲ್ಲಿ ಬೇಕಾದ ಅರ್ಥ ‘ನಡುವೆ’ ಎಂಬುದು. ಆದುದರಿಂದ ‘ಅಂತರಜಾಲ’ ಎಂಬ ರೂಪ ನನಗೆ ಮೆಚ್ಚು. ಒಂದು ಶಾಲೆಯ ಹತ್ತು ಗಣಕಯಂತ್ರಗಳನ್ನು ಜೋಡಿಸಿದರೆ ಅದೊಂದು ಜಾಲ. ಆಸ್ಪತ್ರೆಯದು ಇನ್ನೊಂದು, ಬ್ಯಾಂಕಿನದು ಮತ್ತೊಂದು. ಹೀಗೆ ಬೇರೆ ಬೇರೆ ಒಡೆಯರ ಜಾಲಗಳನ್ನು ಒಂದಕ್ಕೊಂದು ಬೆಸೆದ ಜಾಲಗಳ ಜಾಲವೇ ಅಂತರಜಾಲ. ಅದಕ್ಕೆ ಒಬ್ಬ ಒಡೆಯನಿಲ್ಲ. ಎಲ್ಲರೂ ಒಪ್ಪಿಕೊಂಡ ಕಟ್ಟಳೆಗಳು ಮಾತ್ರ ಉಂಟು.

ಹಿಂದೆ ಉಡುಪಿಯಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎಕ್ಸ್‌ಚೇಂಜಿನವರು ಸಂಪರ್ಕ ಕೊಟ್ಟೊಡನೆ ಇಲ್ಲಿಂದ ಅಲ್ಲಿಯ ತನಕ ಒಂದು ಹಾದಿ ನಿಮಗೇ ಮೀಸಲು. ನೀವು ಮಾತಾಡಿದರೂ ಸರಿ, ಸುಮ್ಮನಿದ್ದರೂ ಸರಿ, ಆ ಹಾದಿಯಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಮನುಷ್ಯರ ಮಾತುಕತೆಗೆ ಈ ಏರ್ಪಾಡು ಒಪ್ಪುತ್ತಿತ್ತು. ಗಣಕಯಂತ್ರಗಳ ರೀತಿ ಬೇರೆ. ಅವು ಕ್ಷಣಮಾತ್ರದಲ್ಲಿ ಬೆಟ್ಟದಷ್ಟು ಹೇಳಿ, ಬಳಿಕ ಬಹಳ ಹೊತ್ತು ಮೌನವಾಗಿರುತ್ತವೆ. ಅವಕ್ಕಾಗಿ ಹಾದಿಯನ್ನು ಮೀಸಲಿಟ್ಟರೆ ಹೆಚ್ಚಿನ ಪಾಲು ವ್ಯರ್ಥ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬವರು ಬೇರೆ ಬೇರೆಯಾಗಿ ಯೋಚಿಸಿ ಒಂದೇ ಉಪಾಯಕ್ಕೆ ಬಂದರು. ಸಂದೇಶವನ್ನು ಸಣ್ಣ ಸಣ್ಣ ತುಂಡು ಮಾಡುವುದು. ಪ್ರತಿಯೊಂದು ತುಂಡಿನ ಮೇಲೂ ವಿಳಾಸ ಬರೆಯುವುದು. ಎಲ್ಲರ ತುಂಡುಗಳೂ ಒಂದೇ ಹಾದಿಯಲ್ಲಿ ಬೆರೆತು ಸಾಗುವುದು. ಈ ತುಂಡಿಗೆ ಡೇವಿಸರು ಪ್ಯಾಕೆಟ್ ಎಂದು ಹೆಸರಿಟ್ಟರು.

1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಇಂಥ ಜಾಲದ ಮೂಲಕ ಮೊದಲ ಮಾತು ಹೋಯಿತು. ಕಳುಹಿಸಬೇಕೆಂದಿದ್ದ ಪದ ‘ಲಾಗಿನ್’. ಎಲ್, ಓ ಎಂಬ ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಆ ಕಡೆಯ ಯಂತ್ರ ಕೆಟ್ಟು ನಿಂತಿತು. ಹೀಗಾಗಿ ಅಂತರಜಾಲದ ಪೂರ್ವಜನು ಆಡಿದ ಮೊದಲ ನುಡಿ ‘ಲೋ’. ಕನ್ನಡಿಗರ ಮಟ್ಟಿಗೆ ಅದು ಪೂರ್ಣವಾದ ಮಾತೇ. ಗೆಳೆಯನನ್ನು ಬೇರೆ ಹೇಗೆ ಕರೆಯುತ್ತಾರೆ?

ಪ್ಯಾಕೆಟ್ ಎಂಬುದನ್ನು ನನ್ನ ಶಿಷ್ಯ ವಿವರಿಸಿದಾಗ ನನಗೆ ಕೂಡಲೆ ನೆನಪಾದುದು ತಾಳೆಗರಿಯ ಕಟ್ಟು. ಹಿಂದಿನವರು ಕಾವ್ಯವನ್ನು ಗರಿಗಳ ಮೇಲೆ ಬರೆದು, ಪ್ರತಿ ಗರಿಗೂ ಸಂಖ್ಯೆ ಹಾಕಿ, ತೂತಿನಲ್ಲಿ ದಾರ ಪೋಣಿಸಿ ಕಟ್ಟಿಡುತ್ತಿದ್ದರು. ದಾರ ಹರಿದು ಗರಿಗಳು ಚೆಲ್ಲಾಪಿಲ್ಲಿಯಾದರೂ ಸಂಖ್ಯೆ ನೋಡಿ ಮತ್ತೆ ಜೋಡಿಸಬಹುದು. ಹನ್ನೆರಡಾದ ಮೇಲೆ ಹದಿನಾಲ್ಕು ಬಂದರೆ ಹದಿಮೂರನೆಯ ಗರಿ ಕಳೆದಿದೆ ಎಂದು ಸ್ಪಷ್ಟ. ಅಂತರಜಾಲವು ದಾರವಿಲ್ಲದ ಗರಿಗಳ ಸಾಗಾಟ. ಇನ್ನು ಮುಂದೆ ಪ್ಯಾಕೆಟನ್ನು ಗರಿ ಎಂದೇ ಕರೆಯುತ್ತೇನೆ.

ಒಂದು ಗರಿಯಲ್ಲಿ ಎಷ್ಟು ಬರಹ ಹಿಡಿಯುತ್ತದೆ? ಯಂತ್ರ ಅಕ್ಷರವನ್ನು ಕಾಣದು, ಸಂಖ್ಯೆಯನ್ನು ಮಾತ್ರ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಗೊತ್ತುಮಾಡಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಸಾಗಾಟದ ಅಳತೆಗೆ ಬೈಟ್ ಎನ್ನುತ್ತಾರೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು. ‘ಉಡುಪಿ’ ಎಂಬಲ್ಲಿ ಉಕಾರ, ಡಕಾರ, ಕೊಂಬು, ಪಕಾರ, ಗುಡಿಸು ಎಂದು ಐದು ಚಿಹ್ನೆ. ಆದುದರಿಂದ 15 ಬೈಟ್. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಯಂತ್ರ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈತ್ವ ಎಂದು ಆರಾಗಿ ಬಿಡಿಸುತ್ತದೆ. ವ್ಯಾಕರಣ ಕಲಿಯದೆ ಇದು ಸಂಯುಕ್ತಾಕ್ಷರವನ್ನು ಬಿಡಿಸಿದ ಪರಿಯನ್ನು ಕಂಡು ನನಗೆ ಸಂತೋಷವಾಯಿತು. ಈ ಯಂತ್ರಕ್ಕೆ ಕನ್ನಡವನ್ನು ಸರಾಗವಾಗಿ ಊಡಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ನಮ್ಮ ಕರಾವಳಿಯವರೇ ಆದ ಕೆ. ಪಿ. ರಾಯರು. ತಾವು ರಚಿಸಿದ ಕನ್ನಡ ಬರಹದ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು.

ಗರಿಯೊಂದರ ಮಿತಿ ಸಾಮಾನ್ಯವಾಗಿ 1,500 ಬೈಟ್. ಅದರಲ್ಲಿ ವಿಳಾಸ, ಸಂಖ್ಯೆ ಮುಂತಾದ ಮೇಲ್ಬರಹಕ್ಕೆ 40 ಬೈಟ್ ಹೋದರೆ 1,460 ಉಳಿಯಿತು. ಮೂರರಿಂದ ಭಾಗಿಸಿದರೆ ಒಂದು ಗರಿಗೆ 486 ಕನ್ನಡ ಚಿಹ್ನೆ. ನೀವು ಓದುತ್ತಿರುವ ಈ ಲೇಖನ ಸುಮಾರು 40 ಗರಿಗಳಲ್ಲಿ ಸಾಗೀತು.

ಇನ್ನು ವಿಳಾಸ. ಜಾಲಕ್ಕೆ ಸೇರಿದ ಯಂತ್ರಕ್ಕೆ ಒಂದು ಸಂಖ್ಯೆಯ ವಿಳಾಸವಿರಬೇಕು. ಹಳೆಯ ಕಟ್ಟಳೆಯಂತೆ ಅದು ನಾಲ್ಕು ತುಂಡಿನ ಸಂಖ್ಯೆ. ಪ್ರತಿ ತುಂಡು 0ಯಿಂದ 255ರ ತನಕ. ಒಟ್ಟು ಸುಮಾರು 429 ಕೋಟಿ ವಿಳಾಸಗಳಾದವು. ಕಟ್ಟಳೆ ಮಾಡಿದಾಗ ಇದು ಧಾರಾಳವಾಗಿ ಕಂಡಿತ್ತು. ಮನೆಮನೆಗೆ ಫೋನು ಬಂದ ಮೇಲೆ ಸಾಲದಾಯಿತು. ಜಗತ್ತಿನ ಮುಖ್ಯ ಉಗ್ರಾಣದಲ್ಲಿದ್ದ ವಿಳಾಸಗಳು 2011ರ ಫೆಬ್ರವರಿಯಲ್ಲಿ ಮುಗಿದುಹೋದವು. ಇನ್ನೂ ಉದ್ದದ ಹೊಸ ಬಗೆಯ ವಿಳಾಸ ಈಗ ಹಳೆಯದರ ಜೊತೆಗೆ ನಡೆಯುತ್ತಿದೆ. ಹಳೆಯದನ್ನು ಸಾಲುವಂತೆ ಮಾಡಿದ ಉಪಾಯವೂ ಒಂದುಂಟು. ಅದು ಕೂಡುಕುಟುಂಬದ ಉಪಾಯ. ಮನೆಗೆ ಹೊರಗಿನವರು ತಿಳಿದ ವಿಳಾಸ ಒಂದೇ. ಒಳಗೆ ತಂದೆಯ ಫೋನು, ಮಗಳ ಗಣಕ, ಅತ್ತೆಯವರ ದೂರದರ್ಶನ ಎಲ್ಲಕ್ಕೂ ಮನೆಯ ಮಟ್ಟಿನ ಬೇರೆ ಬೇರೆ ಸಂಖ್ಯೆ. ಗೋಡೆಗೆ ತೂಗುಹಾಕಿದ ದೀಪ ಮಿನುಗುವ ಪೆಟ್ಟಿಗೆಯುಂಟಲ್ಲ, ಅದು ಮನೆಯ ಯಜಮಾನಿಯಂತೆ ಬಂದ ಗರಿಗಳನ್ನು ಹೆಬ್ಬಾಗಿಲಲ್ಲಿ ಇಸಿದುಕೊಂಡು ಯಾರದ್ದು ಯಾರಿಗೆ ಎಂದು ಹಂಚುತ್ತದೆ.

ವಿಳಾಸ ಬರೆದ ಗರಿ ದಾರಿಯನ್ನು ಹೇಗೆ ಕಾಣುತ್ತದೆ? ಉಡುಪಿಯಿಂದ ಕಾರ್ಕಳಕ್ಕೆ ಮಣಿಪಾಲ, ಪರ್ಕಳ, ಹಿರಿಯಡಕ, ಬೈಲೂರಿನ ಮೇಲಿಂದ ಹೋಗಬಹುದು. ಕಟಪಾಡಿ, ಶಿರ್ವ, ಬೆಳ್ಮಣ್ಣಿನ ಮೇಲಿಂದಲೂ ಹೋಗಬಹುದು. ಮಳೆಗೆ ಮರ ಬಿದ್ದು ಒಂದು ದಾರಿ ಕಟ್ಟಿದರೆ ಬಸ್ಸಿನವರು ಇನ್ನೊಂದನ್ನು ಹಿಡಿಯುತ್ತಾರೆ. ಜಾಲದ ಕವಲುಗಳಲ್ಲಿ ಹೀಗೆ ತೀರ್ಮಾನ ಮಾಡುವ ಯಂತ್ರಕ್ಕೆ ರೌಟರ್ ಎಂದು ಹೆಸರು. ಅದರ ಕೆಲಸ ಬಹಳ ಸಣ್ಣದು. ಇಡೀ ದಾರಿಯ ನಕ್ಷೆ ಅದರ ಬಳಿ ಇಲ್ಲ. ‘ಈ ವಿಳಾಸದ ಕಡೆಗೆ ಹೋಗುವವರನ್ನು ಮುಂದಿನ ಆ ಕವಲಿಗೆ ದಾಟಿಸು’ ಎಂಬ ಪಟ್ಟಿ ಮಾತ್ರ ಉಂಟು. ಮುಂದಿನದು ತನ್ನ ಪಟ್ಟಿ ನೋಡಿ ಅದರ ಮುಂದಿನದಕ್ಕೆ ದಾಟಿಸುತ್ತದೆ. ಒಂದೇ ಪತ್ರದ ಎರಡು ಗರಿಗಳು ಎರಡು ದಾರಿಯಲ್ಲಿ ಹೋಗುವುದೂ ಉಂಟು.

ಪಟ್ಟಿಗಳಲ್ಲಿ ತಪ್ಪಿದ್ದು ಗರಿಯು ಸುತ್ತಿದಲ್ಲೇ ಸುತ್ತುತ್ತಿದ್ದರೆ? ಅದಕ್ಕೂ ಕಟ್ಟಳೆ ಮಾಡಿದ್ದಾರೆ. ಹೊರಡುವಾಗಲೇ ಪ್ರತಿ ಗರಿಯ ಮೇಲೆ ಅದರ ಆಯುಷ್ಯವನ್ನು ಬರೆದಿರುತ್ತದೆ. ಒಂದೊಂದು ರೌಟರನ್ನು ದಾಟಿದಾಗಲೂ ಆಯುಷ್ಯದಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದ ಗರಿಯನ್ನು ಅಲ್ಲಿಯೇ ಬಿಸುಟು, ‘ನಿನ್ನ ಗರಿ ಇಲ್ಲಿ ತೀರಿತು’ ಎಂದು ಕಳುಹಿಸಿದವನಿಗೆ ತಿಳಿಸುತ್ತಾರೆ. ನನ್ನ ಶಿಷ್ಯ ಇದನ್ನೇ ಉಪಯೋಗಿಸಿ ಒಂದು ಚಮತ್ಕಾರ ತೋರಿಸಿದ. ಮೊದಲ ಗರಿಗೆ ಆಯುಷ್ಯ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಎಂದು ಕೊಟ್ಟು ಬಿಟ್ಟ. ಒಂದೊಂದೂ ಒಂದೊಂದು ಕವಲಿನಲ್ಲಿ ತೀರಿತು. ತೀರಿದ ಕಡೆಯಿಂದ ಸುದ್ದಿ ಬಂತು. ನಮ್ಮ ಜಗಲಿಯಿಂದ ಹೊರಟ ದಾರಿ ಮೆಟ್ಟಲು ಮೆಟ್ಟಲಾಗಿ ಪರದೆಯ ಮೇಲೆ ಮೂಡಿತು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 400 ಕಿಲೋಮೀಟರ್ ಉದ್ದದ ಎಳೆಯನ್ನು ದಾಟಲು ಅದಕ್ಕೆ ಸೆಕೆಂಡಿನ ಸಾವಿರದ ಎರಡು ಪಾಲು ಸಾಕು. ಹೊರದೇಶಕ್ಕೆ ಹೋಗುವ ಗರಿಗಳು ಮುಂಬಯಿ, ಚೆನ್ನೈ, ಕೊಚ್ಚಿ ಮುಂತಾದ ಕಡೆಗಳಲ್ಲಿ ಕಡಲೊಳಗಿನ ಗಾಜಿನೆಳೆಯ ಹೊರಜಿಗೆ ಇಳಿಯುತ್ತವೆ.

ಈಗ ಒಂದು ಮುಖ್ಯ ಮಾತು. ದಾರಿಯ ರೌಟರುಗಳು ಏನನ್ನೂ ವಾಗ್ದಾನ ಮಾಡುವುದಿಲ್ಲ. ನೂಕುನುಗ್ಗಲಾದರೆ ಗರಿಯನ್ನು ಬಿಸುಟುಬಿಡುತ್ತವೆ. ಮೊದಲು ಹೊರಟದ್ದು ಕೊನೆಗೆ ಮುಟ್ಟಬಹುದು. ಒಂದೇ ಗರಿ ಎರಡು ಸಲ ಮುಟ್ಟಬಹುದು. ಇಷ್ಟು ಬೇಜವಾಬ್ದಾರಿಯ ಓಲೆಗಾರನನ್ನು ನಂಬಿ ಲೋಕವ್ಯವಹಾರ ಹೇಗೆ ನಡೆಯುತ್ತದೆ? ಜವಾಬ್ದಾರಿಯನ್ನು ನಡುದಾರಿಯವರಿಂದ ತೆಗೆದು ಎರಡು ತುದಿಯವರ ಹೆಗಲಿಗೆ ಹಾಕಿರುವುದರಿಂದ ನಡೆಯುತ್ತದೆ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬಿಬ್ಬರು 1974ರಲ್ಲಿ ಈ ಬಗೆಯ ಕಟ್ಟಳೆಯನ್ನು ಪ್ರಕಟಿಸಿದರು. ಅದರಿಂದ ಬೆಳೆದ ಟಿಸಿಪಿ–ಐಪಿ ಎಂಬ ಜೋಡಿ ಕಟ್ಟಳೆಗೆ ಅಮೆರಿಕದ ಆ ಮೊದಲ ಜಾಲವು 1983ರ ಜನವರಿ 1ರಂದು ಪೂರ್ತಿಯಾಗಿ ಬದಲಾಯಿತು. ವಿಳಾಸ ಮತ್ತು ಸಾಗಾಟ ಐಪಿಯದು. ಎಣಿಕೆ ಮತ್ತು ಹೊಣೆ ಟಿಸಿಪಿಯದು. ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಹೊರಗಿನ ಜನಸಾಮಾನ್ಯರಿಗೆ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಅಂತರಜಾಲವನ್ನು ತೆರೆದಾಗ ಬಂದದ್ದೂ ಇದೇ ಕಟ್ಟಳೆ.

ಎರಡು ತುದಿಯವರು ಮಾತು ಶುರುಮಾಡುವ ಕ್ರಮವನ್ನು ನೋಡಿ. ಗದ್ದೆಯ ಈ ಬದುವಿನಿಂದ ಆ ಬದುವಿನವರನ್ನು ಕರೆಯುವಾಗ ನಾವು ಒಮ್ಮೆಗೇ ಸುದ್ದಿ ಹೇಳುವುದಿಲ್ಲ. ಮೊದಲು ‘ಕೂ’ ಎನ್ನುತ್ತೇವೆ. ಅವರು ‘ಕೇಳಿತು, ನನ್ನದು ಕೇಳುತ್ತದಾ?’ ಎನ್ನುತ್ತಾರೆ. ‘ಕೇಳುತ್ತದೆ’ ಎಂದ ಮೇಲೆಯೇ ಸುದ್ದಿ. ಟಿಸಿಪಿಯದೂ ಇದೇ ಮೂರು ಮಾತಿನ ಪೀಠಿಕೆ. ಆಮೇಲೆ ಗರಿಗಳಿಗೆ ಸಂಖ್ಯೆ ಹಾಕಿ ಕಳುಹಿಸುತ್ತದೆ. ಪಡೆದವರು ‘ಇಲ್ಲಿಯ ತನಕ ಮುಟ್ಟಿತು’ ಎಂದು ರಶೀದಿ ಕೊಡುತ್ತಾರೆ. ಹೊತ್ತು ಮೀರಿದರೂ ರಶೀದಿ ಬಾರದಿದ್ದರೆ ಅದೇ ಗರಿಯನ್ನು ಮತ್ತೆ ಬರೆದು ಕಳುಹಿಸುತ್ತದೆ. ಗರಿಗಳು ಪದೇ ಪದೇ ಕಳೆದುಹೋದರೆ ದಾರಿಯಲ್ಲಿ ಸಂದಣಿಯಿದೆ ಎಂದು ತಿಳಿದು ತಾನೇ ವೇಗ ತಗ್ಗಿಸುತ್ತದೆ.

ಗರಿ ಮುಟ್ಟಿತು, ಆದರೆ ದಾರಿಯಲ್ಲಿ ಅಕ್ಷರ ಕೆಟ್ಟಿದ್ದರೆ? ಇದಕ್ಕೆ ನಮ್ಮ ಛಂದಸ್ಸು ಒಳ್ಳೆಯ ಉದಾಹರಣೆ. ಕಂದಪದ್ಯದಲ್ಲಿ ಮೊದಲ ಮತ್ತು ಮೂರನೆಯ ಪಾದಕ್ಕೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಕ್ಕೆ 20; ಒಟ್ಟು 64. ಹಳೆಯ ಪ್ರತಿಯೊಂದರಲ್ಲಿ ಎಣಿಸಿದಾಗ 63 ಬಂದರೆ ಲಿಪಿಕಾರ ಎಲ್ಲೋ ಕೈತಪ್ಪಿದ್ದಾನೆ ಎಂದು ತಿಳಿಯಿತು. ಎಲ್ಲಿ ಎಂದು ಎಣಿಕೆ ಹೇಳದು. ತಪ್ಪಿದೆ ಎಂದಷ್ಟೆ ಹೇಳುತ್ತದೆ. ಪ್ರತಿ ಗರಿಯ ಮೇಲೂ ಇಂಥದೊಂದು ಮೊತ್ತವನ್ನು ಬರೆದಿರುತ್ತದೆ. ಪಡೆದವನು ತಾನೂ ಕೂಡಿಸಿ ನೋಡುತ್ತಾನೆ. ಹೊಂದದಿದ್ದರೆ ಆ ಗರಿಯನ್ನು ಎಸೆದು ರಶೀದಿ ಕೊಡದೆ ಸುಮ್ಮನಿರುತ್ತಾನೆ; ಅದು ಮತ್ತೆ ಬರುತ್ತದೆ. ಒಂದು ಲಘು ಹೋಗಿ ಇನ್ನೊಂದು ಲಘು ಸೇರಿದರೆ ಕಂದದ ಮೊತ್ತ ಕೆಡುವುದಿಲ್ಲ. ಹಾಗೆಯೇ ಎರಡು ತಪ್ಪು ಒಂದನ್ನೊಂದು ಸರಿದೂಗಿಸಿದರೆ ಈ ಎಣಿಕೆಯ ಕಣ್ಣಿಗೂ ಮಣ್ಣು. ಅದಕ್ಕೆಂದು ದಾರಿಯ ಒಂದೊಂದು ಹೆಜ್ಜೆಯಲ್ಲಿಯೂ ಬೇರೆ ಬಗೆಯ ಇನ್ನೊಂದು ಎಣಿಕೆಯನ್ನು ಇಟ್ಟಿರುತ್ತಾರೆ.

ಪರಊರಿನ ಮಗನೊಡನೆ ಫೋನಿನಲ್ಲಿ ಮುಖ ನೋಡಿ ಮಾತಾಡುವಾಗ ಮಾತು ತುಂಡಾಗುವುದೇಕೆ, ಅದೇ ಮಗ ಕಳುಹಿಸಿದ ಪತ್ರದಲ್ಲಿ ಒಂದಕ್ಷರವೂ ತುಂಡಾಗದಿರುವುದೇಕೆ ಎಂಬುದು ಈಗ ತಿಳಿದೀತು. ಮಾತುಕತೆಗೆ ಬಳಸುವ ಕಟ್ಟಳೆ ಸಾಮಾನ್ಯವಾಗಿ ಬೇರೆ. ಅದರಲ್ಲಿ ರಶೀದಿಯಿಲ್ಲ, ಮರುಬರಹವಿಲ್ಲ. ಆಟದ ನಡುವೆ ಭಾಗವತರ ಪದದಲ್ಲಿ ಒಂದಕ್ಷರ ನುಂಗಿಹೋದರೆ ಅದನ್ನು ಎರಡು ಸಾಲು ಆದ ಮೇಲೆ ತಂದುಕೊಟ್ಟು ಪ್ರಯೋಜನವಿಲ್ಲ ತಾನೆ? ಕಳೆದುದನ್ನು ಬಿಟ್ಟು ಮುಂದೆ ಹೋಗುವುದೇ ಅಲ್ಲಿ ಮೇಲು. ಪತ್ರಕ್ಕೆ ಆತುರವಿಲ್ಲ, ಅಕ್ಷರ ಮುಖ್ಯ. ಯಾವ ಕೆಲಸಕ್ಕೆ ಯಾವ ಕಟ್ಟಳೆ ಎಂಬುದನ್ನು ತುದಿಯವರೇ ಆರಿಸಿಕೊಳ್ಳುತ್ತಾರೆ.

ಇನ್ನು ನನ್ನ ಸಹೋದ್ಯೋಗಿಯ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ ಎರಡು ಕಟ್ಟಳೆಗಳಲ್ಲಿದೆ. ಒಂದು ಹೆಸರಿನದು, ಇನ್ನೊಂದು ಬೀಗದ್ದು.

ಯಂತ್ರಕ್ಕೆ ಸಂಖ್ಯೆ ಸಾಕು; ಮನುಷ್ಯನಿಗೆ ಹೆಸರು ಬೇಕು. ಮೊದಮೊದಲು ಜಾಲದಲ್ಲಿದ್ದ ಯಂತ್ರಗಳ ಹೆಸರನ್ನೂ ಸಂಖ್ಯೆಯನ್ನೂ ಒಂದೇ ಪಟ್ಟಿಯಲ್ಲಿ ಬರೆದು ಎಲ್ಲರೂ ನಕಲು ತೆಗೆದುಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ನಿಭಾಯಿಸಲಾಗದೆ ಹೋದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹೆಸರುಗಳನ್ನು ಕುಲಕುಲವಾಗಿ ಹಂಚುವ ಕ್ರಮವನ್ನು ರೂಪಿಸಿದರು. ಹೆಸರಿನ ತುಂಡುಗಳ ನಡುವೆ ಚುಕ್ಕಿಯಿರುತ್ತದೆ; ಅದನ್ನು ಡಾಟ್ ಎಂದು ಓದುತ್ತೇವೆ. ಕೊನೆಯ ತುಂಡು ಕುಲ: ‘ಇನ್’ ಎಂದರೆ ಭಾರತದ್ದು, ‘ಕಾಂ’ ಎಂಬುದು ವ್ಯಾಪಾರದವರಿಗೆಂದು ಮಾಡಿದ್ದು. ಕನ್ನಡ ಲಿಪಿಯಲ್ಲಿ ‘ಡಾಟ್ ಭಾರತ’ ಎಂದು ಮುಗಿಯುವ ಹೆಸರುಗಳೂ ಉಂಟು. ನೀವು ಒಂದು ಹೆಸರನ್ನು ಒತ್ತಿದೊಡನೆ ಯಂತ್ರ ಮೊದಲು ಕುಲದವರನ್ನು ವಿಚಾರಿಸಿ, ಅವರು ತೋರಿದ ಮನೆಯವರನ್ನು ವಿಚಾರಿಸಿ, ಸಂಖ್ಯೆಯನ್ನು ಪಡೆದುಕೊಳ್ಳುತ್ತದೆ. ವಿಚಾರಣೆ ನಡೆಯುವುದು ಬಲದಿಂದ ಎಡಕ್ಕೆ.

ನಾವು ಓದುವುದು ಮಾತ್ರ ಎಡದಿಂದ ಬಲಕ್ಕೆ. ಮೋಸಗಾರ ಹೊಂಚು ಹಾಕುವುದು ಇಲ್ಲಿಯೇ. ಇದನ್ನು ಹೇಳುವಾಗ ಶಿಷ್ಯ ನಕ್ಕು, “ಸರ್, ಇದು ನಿಮ್ಮ ತತ್ಪುರುಷ ಸಮಾಸ” ಎಂದ. ನಿಜವೇ. ತತ್ಪುರುಷದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ‘ಅರಮನೆ’ ಎಂದರೆ ಮನೆ. ಅರಸನ ಹೆಸರು ಮುಂದೆ ಬಂದ ಮಾತ್ರಕ್ಕೆ ಅದು ಅರಸನಾಗಲಾರದು. ‘ನಮ್ಮಬ್ಯಾಂಕ್ ಡಾಟ್ ಖಾತೆಸೇವೆ ಡಾಟ್ ಕಾಂ’ ಎಂಬ ಹೆಸರು ಬಂದರೆ ಅದು ‘ಖಾತೆಸೇವೆ’ ಎಂಬ ಹೆಸರನ್ನು ಕೊಂಡವನ ಸ್ವತ್ತು. ಅವನು ತನ್ನ ಮನೆಯೊಳಗಿನ ಕೋಣೆಗೆ ‘ನಮ್ಮಬ್ಯಾಂಕ್’ ಎಂದು ಬೋರ್ಡು ಹಾಕಿಕೊಂಡಿದ್ದಾನೆ, ಅಷ್ಟೆ. ಬ್ಯಾಂಕಿನವರನ್ನು ಅವನು ಕೇಳಬೇಕಾಗಿಲ್ಲ.

ಓದುವ ಕ್ರಮ ಹೀಗೆ. ಆರಂಭದ ‘ಎಚ್‌ಟಿಟಿಪಿಎಸ್’ ಎಂಬುದನ್ನೂ ಅದರ ಜೋಡಿ ಓರೆಗೆರೆಯನ್ನೂ ಬಿಡಿ. ಆಮೇಲೆ ಬರುವ ಮೊದಲ ಓರೆಗೆರೆಯ ತನಕ ಇರುವುದೇ ಹೆಸರು. ಅದರಾಚೆ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ಆ ಹೆಸರನ್ನು ಬಲದಿಂದ ಓದಿ. ಕುಲದ ತುಂಡಿನ ಎಡಕ್ಕಿರುವ ಪದವೇ ಒಡೆಯ. ‘ಕೋ ಡಾಟ್ ಇನ್’ ಎಂಬಂತೆ ಕುಲವೇ ಎರಡು ತುಂಡಾಗಿದ್ದರೆ ಅವೆರಡರ ಎಡಕ್ಕಿರುವುದನ್ನು ನೋಡಿ. ಈ ತೊಡಕನ್ನು ಕಡಿಮೆ ಮಾಡಲು ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ ಒಂದು ಅಪ್ಪಣೆ ಹೊರಡಿಸಿತು. ನಮ್ಮ ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಹೆಸರಿಗೆ ಬದಲಾಗಬೇಕೆಂಬುದೇ ಅದು. ಆ ಕುಲದ ಹೆಸರನ್ನು ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ.

ಕೊನೆಯದು ಬೀಗ. ಗರಿಗಳು ಹತ್ತಾರು ಕೈ ದಾಟಿ ಹೋಗುತ್ತವೆಂದು ಕಂಡೆವು. ಬರಿಯ ಗರಿಯೆಂದರೆ ಅಂಚೆಕಾರ್ಡು; ದಾರಿಯವರು ಓದಬಹುದು, ತಿದ್ದಲೂಬಹುದು. ಆದುದರಿಂದ ಎರಡು ತುದಿಯವರು ಮೊದಲು ತಮ್ಮಿಬ್ಬರಿಗೇ ತಿಳಿದ ಒಂದು ಗುಟ್ಟನ್ನು ಗೊತ್ತುಮಾಡಿಕೊಂಡು, ಅದರಿಂದ ಬರಹವನ್ನು ಮರೆಮಾಡಿ ಕಳುಹಿಸುತ್ತಾರೆ. ಆ ತುದಿಯವನು ತಾನು ಇಂಥ ಹೆಸರಿನ ಒಡೆಯ ಎಂಬುದಕ್ಕೆ ಪ್ರಮಾಣಪತ್ರ ತೋರಿಸಬೇಕು. ಇಷ್ಟು ಸರಿಯಾದರೆ ಬೀಗದ ಗುರುತು ಬರುತ್ತದೆ. ಅದರ ಅರ್ಥ ಎರಡೇ: ಲಕೋಟೆಗೆ ಅರಗಿನ ಮುದ್ರೆ ಬಿದ್ದಿದೆ, ಮೇಲೆ ಬರೆದ ಹೆಸರಿನವನ ಕೈಗೇ ಅದು ಹೋಗುತ್ತದೆ. ಆ ಹೆಸರಿನವನು ಸಜ್ಜನನೋ ಕಳ್ಳನೋ ಎಂಬ ಮಾತು ಅದರಲ್ಲಿಲ್ಲ. ‘ಖಾತೆಸೇವೆ’ಯ ಒಡೆಯನೂ ತನ್ನ ಹೆಸರಿಗೆ ಪ್ರಮಾಣಪತ್ರವನ್ನು, ಹಣ ಕೊಡದೆಯೇ, ಕೆಲವು ನಿಮಿಷಗಳಲ್ಲಿ ಪಡೆಯಬಹುದು. ನನ್ನ ಸಹೋದ್ಯೋಗಿಯ ಹಣದ ಗುಟ್ಟು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದೆ, ಬಹು ಭದ್ರವಾಗಿ, ನೇರವಾಗಿ ಕಳ್ಳನ ಕೈಗೇ ಮುಟ್ಟಿತು. ಬೀಗವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಜನ ಹೀಗೆ ತಪ್ಪು ತಿಳಿಯುವುದನ್ನು ಕಂಡೇ ಗೂಗಲ್ ಸಂಸ್ಥೆಯವರು 2023ರಲ್ಲಿ ತಮ್ಮ ಕ್ರೋಮ್ ಎಂಬ ತಂತ್ರಾಂಶದಲ್ಲಿ ವಿಳಾಸದ ಪಕ್ಕದ ಬೀಗದ ಚಿತ್ರವನ್ನು ತೆಗೆದು ಬೇರೊಂದು ಗುರುತನ್ನಿಟ್ಟರು.

ಇಷ್ಟನ್ನೂ ಕಲಿತ ಮೇಲೆ ನನಗೆ ತಿಳಿದುದು ಇದು. ನಡುದಾರಿಯ ಓಲೆಗಾರ ಯಾವುದಕ್ಕೂ ಹೊಣೆಯಲ್ಲ. ಗರಿ ಕಳೆದರೆ, ಅಕ್ಷರ ಕೆಟ್ಟರೆ, ದಾರಿಯವರು ಇಣುಕಿದರೆ, ಅವನ್ನು ತುದಿಯ ಯಂತ್ರ ನೋಡಿಕೊಳ್ಳುತ್ತದೆ. ಅದಕ್ಕೆ ಸಂಖ್ಯೆ, ಮೊತ್ತ, ಮುದ್ರೆಗಳುಂಟು. ಎದುರು ತುದಿಯಲ್ಲಿರುವವನು ಯಾರು, ಅವನಿಗೆ ಇದನ್ನು ಹೇಳಬಹುದೇ ಎಂಬ ಒಂದು ವಿಚಾರಣೆ ಮಾತ್ರ ಯಂತ್ರದಿಂದಾಗದು. ಅದು ಪರದೆಯ ಈಚೆ ಕುಳಿತ ಮನುಷ್ಯನ ಪಾಲಿನ ಕೆಲಸ. ಫೋನಿಗೆ ಬಂದ ಗುಟ್ಟಿನ ಅಂಕೆಯನ್ನು ಯಾರಿಗೂ ಕೊಡಬೇಡಿ. ಅವಸರಪಡಿಸುವ ಸಂದೇಶವನ್ನು ಒತ್ತದೆ, ಪಾಸ್‌ಪುಸ್ತಕದಲ್ಲಿರುವ ಸಂಖ್ಯೆಗೆ ಫೋನು ಮಾಡಿ ವಿಚಾರಿಸಿ. ಕೈತಪ್ಪಿ ಹಣ ಹೋಯಿತೆಂದಾದರೆ ಮಾರನೆಯ ದಿನದ ಬಸ್ಸಿಗೆ ಕಾಯಬೇಡಿ. 1930 ಎಂಬ ಸಂಖ್ಯೆಗೆ ಆ ಕ್ಷಣವೇ ತಿಳಿಸಿ. ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಆಗ ಹೆಚ್ಚು.

ಸಹೋದ್ಯೋಗಿಯವರ ಮನೆಗೆ ನಾನೇ ಹೋಗಿ, ಅರ್ಥ ತಿಳಿಯದೆ ಹೇಳಿದ ಮಾತಿಗೆ ಕ್ಷಮೆ ಕೇಳಿ, ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಗಣಿತದವರು, ಗರಿಯ ಲೆಕ್ಕವನ್ನು ನನಗಿಂತ ಬೇಗ ಹಿಡಿದರು. ಮೊನ್ನೆ ಅವರಿಂದ ಫೋನು ಬಂತು. ಇನ್ನೊಂದು ಅಂಥದೇ ಸಂದೇಶ ಬಂದಿತ್ತಂತೆ.

“ಬಲದಿಂದ ಓದಿದೆ ಮಾಷ್ಟ್ರೆ. ಉತ್ತರಪದ ಬೇರೆಯವರದ್ದು. ಅಳಿಸಿ ಹಾಕಿದೆ” ಎಂದರು.